ಸಾಗರವೋ, ಮೈಸೂರೋ, ಬೆಂಗಳೂರೇ ಸಾಕೋ: ಚಂದದ ಊರು ಅಂದರೆ ಯಾವುದು?

ಪ್ರಶ್ನೆ: ನಾವು ಬೆಂಗಳೂರಿಗೆ ಬಂದು ಹದಿಮೂರು ವರ್ಷ ಆಯಿತು. ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಮಗಳಿಗೆ ಹನ್ನೊಂದು, ಮಗನಿಗೆ ಆರು. ನನ್ನ ಗಂಡ ಈಗ ತಿಂಗಳಿಗೆ ಎರಡು ಸಲ ಆಫೀಸಿಗೆ ಹೋದರೆ ಸಾಕು. ನನ್ನದು ಮನೆಯಿಂದಲೇ ಮಾಡುವ ಅಕೌಂಟ್ಸ್ ಕೆಲಸ. ನನ್ನ ತವರು ಸಾಗರ, ಅಲ್ಲಿ ಒಂದು ಸೈಟೂ ಇದೆ. ನನಗೆ ಅಲ್ಲಿಗೆ ಹೋಗುವ ಆಸೆ. ಅವರು ಮೈಸೂರು ಅನ್ನುತ್ತಾರೆ, ಚಂದದ ಊರು ಅಂತ. ಚಂದ ಅಂದರೆ ಏನು ಅಂತ ಕೇಳಿದರೆ ಮೊಬೈಲಿನಲ್ಲಿ ಅರಮನೆ ತೋರಿಸುತ್ತಾರೆ! ಬೆಂಗಳೂರಲ್ಲೂ ಮರ, ಪಾರ್ಕು, ದೊಡ್ಡ ಕಟ್ಟಡ ಎಲ್ಲ ಇವೆ. ಮತ್ತೆ ಯಾಕೆ ಚಂದ ಅನಿಸುವುದಿಲ್ಲ? ನಾವು ಎಲ್ಲಿಗೆ ಹೋದರೆ ಒಳ್ಳೆಯದು? ಸಾಗರದಲ್ಲೇ ಮನೆ ಕಟ್ಟಿದರೆ ಬೀದಿಗೆ ಒಪ್ಪುವ ಹಾಗೆ ಹೇಗೆ ಕಟ್ಟಬೇಕು?

ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಯಜಮಾನರು ಅರಮನೆ ತೋರಿಸಿದ್ದಕ್ಕೆ ನಗಬೇಡಿ. ಅದರಲ್ಲಿ ಅರ್ಧ ಉತ್ತರ ಇದೆ, ಮುಂದೆ ಹೇಳುತ್ತೇನೆ. ಆದರೆ ಅರಮನೆಗೆ ನೀವು ಹೋಗುವುದು ನೆಂಟರು ಬಂದಾಗ, ಇಲ್ಲ ದಸರಾ ಹೊತ್ತಿಗೆ. ದಿನಾ ಹಾಲಿಗೆ, ಸೊಪ್ಪಿಗೆ, ಮಗನನ್ನು ಸ್ಕೂಲ್ ವ್ಯಾನಿಗೆ ಹತ್ತಿಸೋಕೆ ಹೋಗುವುದು ಮನೆ ಮುಂದಿನ ಬೀದಿಗೆ. ಹಾಗಾಗಿ ನಾನು ಬೀದಿಯಿಂದಲೇ ಶುರು ಮಾಡುತ್ತೇನೆ.

ಬೀದಿ ನೋಡುವುದನ್ನು ನಾನು ಕಲಿತದ್ದು ಬೈಸಿಕೊಂಡು. ನಗರ ಯೋಜನೆಯ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ತಾಲ್ಲೂಕು ಊರಿನ ನಕ್ಷೆ ಮಾಡುತ್ತಿದ್ದೆ. ಹಳೇ ಪೇಟೆಯ ಬೀದಿ ಅಂಕುಡೊಂಕಾಗಿತ್ತು. ನಾನು ಸ್ಕೇಲಿಟ್ಟು ನೇರವಾಗಿ ಗೆರೆ ಎಳೆದೆ, ಅಗಲ 60 ಅಡಿ. ಗೆರೆ ಸರಿಯಾಗಿ ಒಂದು ಅಶ್ವತ್ಥಕಟ್ಟೆಯ ಮೇಲೆ ಹಾದಿತ್ತು. ಜಾಗ ನೋಡಲು ಹೋದಾಗ ಕಟ್ಟೆಯ ಮೇಲೆ ಕೂತಿದ್ದ ಅಜ್ಜ ಒಬ್ಬರು ನಕ್ಷೆ ಇಸಿದುಕೊಂಡು ನೋಡಿದರು. "ಇಲ್ಲಿ ಒಂದಿನ ಆದ್ರೂ ಕೂತಿದ್ರಾ ಸಾರ್?" ಅಂದರು. ಕೂತಿರಲಿಲ್ಲ. ಅವತ್ತು ಕೂತೆ. ಬೆಳಿಗ್ಗೆ ಹೂವಿನವರು, ಮಧ್ಯಾಹ್ನ ಬಸ್ಸಿಗೆ ಕಾಯುವ ಹೆಂಗಸರು, ಸಂಜೆ ಹುಡುಗರು, ಕತ್ತಲಾದ ಮೇಲೆ ರಿಟೈರ್ಡ್ ಮೇಷ್ಟ್ರುಗಳ ಗುಂಪು. ನನ್ನ ಗೆರೆಯಲ್ಲಿ ಇವರ್ಯಾರಿಗೂ ಜಾಗ ಇರಲಿಲ್ಲ. ಗೆರೆ ಅಳಿಸಿದೆ. ಅದಕ್ಕೆ ಮೇಲಿನವರಿಂದ ಇನ್ನೊಂದು ಸುತ್ತು ಬೈಸಿಕೊಂಡೆ.

ಆ ಅಜ್ಜನ ಮಾತನ್ನೇ ನೂರು ವರ್ಷದ ಹಿಂದೆ ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡೆಸ್ ಹೇಳಿದ್ದರು. ಅವರು 1914ರಲ್ಲಿ ಭಾರತಕ್ಕೆ ಬಂದವರು. ಎಷ್ಟೋ ಊರು ಸುತ್ತಿ ವರದಿ ಬರೆದರು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ನಮ್ಮ ಬಳ್ಳಾರಿಯ ಬಗ್ಗೆಯೂ ಬರೆದಿದ್ದಾರೆ. ಅದು ಪ್ಲೇಗಿನ ಭಯದಲ್ಲಿ ಹಳೇ ಕೇರಿಗಳನ್ನು ಸೀಳಿ ಅಗಲ ರಸ್ತೆ ಮಾಡುತ್ತಿದ್ದ ಕಾಲ. ಗೆಡೆಸ್ ಅದಕ್ಕೆ ಒಪ್ಪಲಿಲ್ಲ. ಮೊದಲು ಬೀದಿ ಬೀದಿ ನಡೆಯಿರಿ, ಪಾಳು ಬಿದ್ದ ಗೋಡೆ ತೆಗೆಸಿ, ಖಾಲಿ ಬಿದ್ದ ಜಾಗದಲ್ಲಿ ಮರ ನೆಡಿ, ಅಷ್ಟರಲ್ಲೇ ಗಾಳಿ ಬೆಳಕು ಬರುತ್ತದೆ ಅನ್ನುವುದು ಅವರ ದಾರಿ. ಖರ್ಚೂ ಕಡಿಮೆ, ಮನೆ ಕಳೆದುಕೊಳ್ಳುವವರೂ ಕಡಿಮೆ.

ಸರಿ, ಬೀದಿ ಚಂದ ಕಾಣುವುದು ಯಾತರಿಂದ? ಉಡುಪಿಯ ರಥಬೀದಿಯಲ್ಲಿ ನಿಂತ ನೆನಪಿದ್ದರೆ ಅದನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಲ್ಲಿ ಅಗಲ ಎಷ್ಟಿರಬೇಕು ಅಂತ ಹೇಳುವುದು ತೇರು. ತೇರು ತಿರುಗಬೇಕು, ಎಳೆಯುವವರು ನಿಲ್ಲಬೇಕು, ನೋಡುವವರಿಗೆ ಅಂಚಿನಲ್ಲಿ ಜಾಗ ಬೇಕು. ಸುತ್ತ ಮಠಗಳು, ಅಂಗಡಿಗಳು. ಬೀದಿಯ ಅಗಲಕ್ಕೂ ಪಕ್ಕದ ಕಟ್ಟಡದ ಎತ್ತರಕ್ಕೂ ಒಂದು ಹೊಂದಿಕೆ ಇದೆ. ನಮ್ಮ ಕಸುಬಿನಲ್ಲಿ ಇದಕ್ಕೊಂದು ಒರಟು ಲೆಕ್ಕ ಇದೆ: ಅಗಲ, ಎತ್ತರದಷ್ಟೇ ಇದ್ದರೆ ಬೀದಿ ಒಂದು ಕೋಣೆಯ ಹಾಗೆ ಅನಿಸುತ್ತದೆ. ಎರಡು, ಮೂರು ಪಟ್ಟು ಆದರೂ ನಡೆಯುತ್ತದೆ. ಅದಕ್ಕಿಂತ ಹಿಗ್ಗಿದರೆ ಬಯಲಿನಲ್ಲಿ ನಿಂತ ಹಾಗೆ. ನಿಮ್ಮ ಈಗಿನ ರಸ್ತೆಯಲ್ಲಿ ಇಪ್ಪತ್ತು ಅಂತಸ್ತಿನ ಟವರ್, ಅದರ ಪಕ್ಕ ತಗಡಿನ ಶೆಡ್ಡು, ಅದರ ಪಕ್ಕ ಬೇಲಿ ಹಾಕಿದ ಖಾಲಿ ಸೈಟು ಇರಬಹುದು. ಕಣ್ಣಿಗೆ ಹಿಡಿದುಕೊಳ್ಳೋಕೆ ಒಂದು ಅಂಚು ಸಿಗುವುದಿಲ್ಲ.

ಅಳತೆಗಿಂತ ನಾನು ಜಾಸ್ತಿ ಬೆಲೆ ಕೊಡುವುದು ಜಗಲಿಗೆ. ಹಳೇ ಊರುಗಳಲ್ಲಿ ಮನೆಗೂ ಬೀದಿಗೂ ನಡುವೆ ನಾಲ್ಕೈದು ಅಡಿಯ ಒಂದು ಜಾಗ ಇರುತ್ತಿತ್ತು. ಅದು ಪೂರ್ತಿ ಮನೆಯದೂ ಅಲ್ಲ, ಪೂರ್ತಿ ಬೀದಿಯದೂ ಅಲ್ಲ. ಅಜ್ಜಿ ಅಲ್ಲಿ ಕೂತು ಹೂ ಕಟ್ಟುತ್ತಾಳೆ, ಅಂಚೆಯವನು ನಿಂತು ಮಾತಾಡುತ್ತಾನೆ, ಮಗು ಹೋಂವರ್ಕ್ ಬರೆಯುತ್ತದೆ. ಮನುಷ್ಯರ ಕಣ್ಣಿಗೆ ಎದುರಿಗಿರುವವರ ಮುಖಭಾವ ತಿಳಿಯುವುದು ಸುಮಾರು 20ರಿಂದ 25 ಮೀಟರ್ ಒಳಗೆ. ಜಗಲಿಯಲ್ಲಿ ಕೂತವರಿಗೂ ಬೀದಿಯಲ್ಲಿ ಹೋಗುವವರಿಗೂ ಇರುವ ದೂರ ಅದಕ್ಕಿಂತ ತುಂಬಾ ಕಡಿಮೆ. ಅದಕ್ಕೇ ಅಂಥ ಬೀದಿಯಲ್ಲಿ ನಡೆದರೆ ಯಾರೋ ಜೊತೆಗಿದ್ದಾರೆ ಅನಿಸುತ್ತದೆ. ಈಗ ಅಪಾರ್ಟ್‌ಮೆಂಟಿನ ಸುತ್ತ ಇರುವ ಕಾಂಪೌಂಡ್ ನೆನೆಸಿಕೊಳ್ಳಿ. ಎಂಟು ಅಡಿ ಎತ್ತರ, ಮೇಲೆ ಮುಳ್ಳುತಂತಿ, ಉದ್ದ ಕಾಲು ಕಿಲೋಮೀಟರ್, ನಡುವೆ ಒಂದೇ ಒಂದು ಗೇಟು. ಒಳಗೆ ಹುಲ್ಲುಹಾಸು, ಈಜುಕೊಳ, ಎಲ್ಲ ಚಂದ. ಹೊರಗೆ ನಡೆಯುವವರಿಗೆ ಸಿಗುವುದು ಗೋಡೆ. ಒಳಗಿನ ಚಂದಕ್ಕೆ ಹೊರಗಿನವರು ಕಟ್ಟುವ ತೆರಿಗೆ ಅದು. ಅಲ್ವಾ?

ಇನ್ನೊಂದು ಸಂಗತಿ ಮನೆ ಕಟ್ಟುವ ಸಾಮಾನು. ಕರಾವಳಿ, ಮಲೆನಾಡಿನ ಹಳೇ ಪೇಟೆಗಳು ಯಾಕೆ ಫೋಟೊದಲ್ಲಿ ಅಷ್ಟು ಚಂದ ಬರುತ್ತವೆ? ಕಟ್ಟಿದವರಿಗೆ ಆಯ್ಕೆ ಜಾಸ್ತಿ ಇರಲಿಲ್ಲ. ಗೋಡೆಗೆ ಊರಿನ ಮಣ್ಣು ಇಲ್ಲವೇ ಜಂಬಿಟ್ಟಿಗೆ, ಮಾಡಿಗೆ ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಆ ಕೆಂಪು ಇಡೀ ಸೀಮೆಗೆ ಹರಡಿತು. ಒಂದೊಂದು ಮನೆ ಒಂದೊಂದು ಥರ, ಆದರೆ ಎಲ್ಲಕ್ಕೂ ಒಂದೇ ಬಣ್ಣ, ಒಂದೇ ಇಳಿಜಾರು. ಕಲಬುರಗಿ ಕಡೆ ಹೋದರೆ ಶಹಾಬಾದ್ ಕಲ್ಲು, ಬಾದಾಮಿ ಕಡೆ ಕೆಂಪು ಮರಳುಗಲ್ಲು. ಜೈಪುರದಲ್ಲಿ ಇದನ್ನು ಆಜ್ಞೆ ಮಾಡಿಯೇ ತಂದರು. 1876ರಲ್ಲಿ ಬ್ರಿಟಿಷ್ ಯುವರಾಜ ಬರುತ್ತಾನೆಂದು ಊರಿಗೆಲ್ಲ ಗುಲಾಬಿ ಬಣ್ಣ ಬಳಿಸಿದರು. ಕೋಟೆಯೊಳಗಿನ ಊರಿನಲ್ಲಿ ಆ ಶಿಸ್ತು ಇವತ್ತಿಗೂ ಇದೆ. ನಮ್ಮಲ್ಲಿ ಈಗ ಪ್ರತಿ ಮನೆಗೂ ಬೇರೆ ಗ್ರಾನೈಟು, ಬೇರೆ ಗಾಜು, ಬೇರೆ ಅಲ್ಯೂಮಿನಿಯಂ ಹೊದಿಕೆಯ ಎಸಿಪಿ ಶೀಟು. ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಪರವಾಗಿಲ್ಲ. ಸಾಲಾಗಿ ನೋಡಿದರೆ ಮದುವೆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮೈಕ್ ಹಿಡಿದ ಹಾಗೆ.

ಈಗ ಅರಮನೆ ವಿಷಯ. 1960ರ ಹೊತ್ತಿಗೆ ಅಮೆರಿಕದ ಕೆವಿನ್ ಲಿಂಚ್ ಎಂಬ ನಗರ ಯೋಜಕರು ಬಾಸ್ಟನ್, ಜೆರ್ಸಿ ಸಿಟಿ, ಲಾಸ್ ಏಂಜಲೀಸ್ ಊರುಗಳ ಜನರ ಕೈಯಲ್ಲಿ ಅವರವರ ಊರಿನ ನಕ್ಷೆ ಬರೆಸಿದರು. ಕೆಲವು ಊರು ಜನರ ತಲೆಯಲ್ಲಿ ಸ್ಪಷ್ಟವಾಗಿ ಕೂತಿತ್ತು, ಕೆಲವು ಕಲಸುಮೇಲೋಗರ. ದಾರಿ, ಅಂಚು, ಬಡಾವಣೆ, ಕೂಡುವ ಜಾಗ, ಗುರುತು, ಈ ಐದು ಎದ್ದು ಕಾಣುವ ಊರು ಮನಸ್ಸಿಗೆ ಹತ್ತಿರವಾಗುತ್ತದೆ ಅಂತ ಅವರು ಹೇಳಿದರು. ನಿಮ್ಮ ಮಗಳ ಕೈಗೆ ಪೆನ್ಸಿಲ್ ಕೊಟ್ಟು ನಿಮ್ಮ ಏರಿಯಾದ ನಕ್ಷೆ ಬರೆಸಿ ನೋಡಿ, ಸುಮ್ನೆ ಒಂದು ಆಟದ ಹಾಗೆ.

ಮೈಸೂರಿನ ಮಕ್ಕಳಿಗೆ ಇದು ಸುಲಭ. ಒಂದು ಕಡೆ ಊರಿಗಿಂತ ಸುಮಾರು ಸಾವಿರ ಅಡಿ ಮೇಲೆ ನಿಂತ ಚಾಮುಂಡಿ ಬೆಟ್ಟ. ಎಷ್ಟೋ ರಸ್ತೆಗಳಿಂದ ಅದು ಕಾಣುತ್ತದೆ. ನಡುವೆ ಅರಮನೆ. 1897ರಲ್ಲಿ ಮರದ ಅರಮನೆ ಸುಟ್ಟುಹೋಗಿ, ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ರಲ್ಲಿ ಮುಗಿದದ್ದು. ಅದರ ಆಚೆ ಚಿಕ್ಕ ಗಡಿಯಾರ, ದೊಡ್ಡ ಗಡಿಯಾರ. ದೊಡ್ಡ ಗಡಿಯಾರ ಕಟ್ಟಿದ್ದು 1927ರಲ್ಲಿ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ. ಅದರ ಮೇಲಿನ ಅಂಕಿಗಳು ಕನ್ನಡದವು. ದಾರಿ ಕೇಳಿದರೆ ಮೈಸೂರಿನವರು 'ದೊಡ್ಡ ಗಡಿಯಾರದ ಹತ್ತಿರ' ಅನ್ನುತ್ತಾರೆ. ಸರ್ಕಲ್ಲುಗಳಿಗೆ ನಡುವೆ ಪ್ರತಿಮೆ, ಸುತ್ತ ಬಾಗಿದ ಕಟ್ಟಡಗಳು. ಲಲಿತಮಹಲ್ ರಸ್ತೆಯ ಕೊನೆಯಲ್ಲಿ ಬಿಳಿ ಅರಮನೆ. ಹೆಚ್ಚಿನ ಸರ್ಕಾರಿ ಕಟ್ಟಡಗಳಿಗೆ ಒಂದೇ ಬಗೆಯ ತಿಳಿಹಳದಿ. ರಸ್ತೆಯ ಕೊನೆಯಲ್ಲಿ ಕಣ್ಣಿಗೆ ಒಂದು ಕೂರುವ ಜಾಗ ಇರಬೇಕು ಅನ್ನುವುದನ್ನು ಅಲ್ಲಿ ಯಾರೋ ಯೋಚಿಸಿದ್ದಾರೆ. ನಿಮ್ಮ ಯಜಮಾನರು ಅರಮನೆ ತೋರಿಸಿದ್ದು ಅದಕ್ಕೇ. ಬಾಯಲ್ಲಿ ಹೇಳಲು ಬರಲಿಲ್ಲ, ಅಷ್ಟೇ.

ಇದು ತಾನಾಗಿ ಆದದ್ದಲ್ಲ. ಮೈಸೂರಿಗೆ 1903ರಲ್ಲೇ ಊರು ಸುಧಾರಿಸಲು ಒಂದು ಟ್ರಸ್ಟ್ ಬೋರ್ಡು ಬಂತು. ಬೆಂಗಳೂರಿಗೆ ಅಂಥದು ಬಂದದ್ದು 1945ರಲ್ಲಿ. ಆಮೇಲೆ ಮಿರ್ಜಾ ಇಸ್ಮಾಯಿಲ್. 1926ರಿಂದ 1941ರವರೆಗೆ ದಿವಾನರು. ಬೆಳಗಾಗೆದ್ದು ತಾವೇ ಊರು ಸುತ್ತಿ ಚರಂಡಿಯಿಂದ ಹೂಗಿಡದವರೆಗೆ ನೋಡುತ್ತಿದ್ದರು ಅಂತ ಹಳಬರು ಹೇಳುತ್ತಿದ್ದರು. ಮುಂದೆ ಅವರು ಜೈಪುರದ ದಿವಾನರಾಗಿ ಹೋದರು. ಅಲ್ಲಿನ ಒಂದು ಮುಖ್ಯ ರಸ್ತೆಗೆ ಇವತ್ತಿಗೂ ಅವರದೇ ಹೆಸರು. ಒಂದು ಊರಿನ ಚಂದದ ಹಿಂದೆ ಯಾವಾಗಲೂ ಹೀಗೆ ದಿನಾ ಕಣ್ಣಿಡುವ ಯಾರೋ ಇರುತ್ತಾರೆ. ಕಟ್ಟುವುದಕ್ಕಿಂತ ಅದು ಕಷ್ಟ. ಮೈಸೂರು 2016ರ ಸ್ವಚ್ಛ ಸರ್ವೇಕ್ಷಣದಲ್ಲಿ ದೇಶಕ್ಕೇ ಮೊದಲು ಬಂತು. ಆದರೆ ಅದೇ ಊರಿನಲ್ಲಿ 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. 2016ರಲ್ಲೇ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಕಸ ಗುಡಿಸುವುದನ್ನು ಮರೆಯದ ಊರು ಸೂರು ನೋಡುವುದನ್ನು ಮರೆತಿತ್ತು.

ಒಂದು ಮಾತು ಹೇಳದೆ ಹೋದರೆ ಮೋಸವಾಗುತ್ತದೆ. ಮೈಸೂರಿನ ಚಂದಕ್ಕೆ ಇಡೀ ಸಂಸ್ಥಾನದ ದುಡ್ಡು ಹೋಗಿದೆ. ರಾಜಧಾನಿ ಅಂದರೆ ಹಾಗೇ. ಅದನ್ನು ಸಾಗರದ ಜೊತೆ ಹೋಲಿಸುವುದು ನ್ಯಾಯ ಅಲ್ಲ. ಇನ್ನೊಂದು, ನೀವು ಮೈಸೂರಿಗೆ ಹೋದರೆ ಮನೆ ಸಿಗುವುದು ಎಲ್ಲಿ? ಲಕ್ಷ್ಮೀಪುರಂ, ಸರಸ್ವತಿಪುರಂನಲ್ಲಿ ಸಿಕ್ಕರೆ ಸರಿ. ರಿಂಗ್ ರಸ್ತೆಯ ಆಚೆ, ಮೊನ್ನೆ ಮೊನ್ನೆ ಹೊಲವಾಗಿದ್ದ ಲೇಔಟಿನಲ್ಲಿ ತೆಗೆದುಕೊಂಡರೆ, ನಿಮಗೆ ಸಿಗುವುದು ಅರಮನೆಯ ಊರಿನ ಪಿನ್‌ಕೋಡು ಮತ್ತು ವೈಟ್‌ಫೀಲ್ಡಿನಂಥ ಬೀದಿ. ಎಲ್ಲವೂ ಹಾಗಿಲ್ಲ, ಆದರೆ ಸುಮಾರು ಹಾಗೇ ಇವೆ.

ಬೆಂಗಳೂರು ಚಂದ ಇಲ್ಲ ಅನ್ನುವ ನಿಮ್ಮ ಮಾತಿಗೆ ನಾನು ಅರ್ಧ ಮಾತ್ರ ಒಪ್ಪುತ್ತೇನೆ. ನೀವಿರುವ ಕಡೆ ಚಂದ ಇಲ್ಲ. ಮಲ್ಲೇಶ್ವರ, ಬಸವನಗುಡಿಗೆ ಒಂದು ಭಾನುವಾರ ಬೆಳಿಗ್ಗೆ ಹೋಗಿ. 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆಗಳು ಅವು. ಮನೆಗಳ ಹಿಂದೆ ಕಸ, ಕಕ್ಕಸು ಸಾಗಿಸೋಕೆ ಅಂತ ಬೇರೆ ಸಂದಿ ಬಿಟ್ಟರು, ಹಾಗಾಗಿ ಮುಂದಿನ ಬೀದಿ ಚೊಕ್ಕವಾಗಿ ಉಳಿಯಿತು. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಅಂತ ಮರದ ಹೆಸರು ಇಟ್ಟರು. ದೇವಸ್ಥಾನ, ಮಾರ್ಕೆಟ್ಟು, ಸ್ಕೂಲು, ಮೈದಾನ ಎಲ್ಲ ನಡೆದು ಹೋಗುವಷ್ಟು ದೂರದಲ್ಲಿ. ಇನ್ನು ಮರಗಳು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಜಾತಿ ಹೂ ಬಿಡುವ ಹಾಗೆ ಮರ ಆರಿಸಿ ನೆಡಿಸಿದರು. ಚಳಿಗಾಲದಲ್ಲಿ ಟಬೂಬಿಯಾ, ಆಮೇಲೆ ಜಕರಂಡ, ಏಪ್ರಿಲ್ ಮೇನಲ್ಲಿ ಗುಲ್‌ಮೊಹರ್. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ತಲೆ ಎತ್ತಿ ಮೇಲೆ ನೋಡಿದರೆ ಬೆಂಗಳೂರು ಈಗಲೂ ಚಂದ.

ತಮಾಷೆ ಏನು ಗೊತ್ತಾ, ನಿಮ್ಮ ವೈಟ್‌ಫೀಲ್ಡ್ ಕೂಡ ಯೋಚನೆ ಮಾಡಿ ಕಟ್ಟಿದ ಊರು. 1882ರಲ್ಲಿ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ನರಿಗೆ ಕೊಟ್ಟ ಜಮೀನಿನಲ್ಲಿ ಹುಟ್ಟಿದ್ದು. ನಡುವೆ ಗುಂಡನೆಯ ಬಯಲು, ಸುತ್ತ ಮನೆ. ಇನ್ನರ್ ಸರ್ಕಲ್ ಅಂತ ಈಗಲೂ ಕರೆಯುವುದು ಅದನ್ನೇ. ಹೋಗಿ ಬನ್ನಿ, ಹತ್ತಿರದಲ್ಲೇ ಇದೆ. ಅದರ ಹೊರಗೆ ಬೆಳೆದದ್ದು ಬೇರೆ ಥರ. ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದ ಎತ್ತಿನಗಾಡಿ ದಾರಿಯೇ ಮುಖ್ಯ ರಸ್ತೆ ಆಯಿತು. ಹೊಲ ಹೊಲವೇ ಒಂದೊಂದು ಲೇಔಟ್ ಆಯಿತು. ಈ ಲೇಔಟಿನ ಬೀದಿ ಆ ಲೇಔಟಿಗೆ ಕೂಡುವುದಿಲ್ಲ. ಎಲ್ಲರೂ ಅದೇ ಒಂದು ರಸ್ತೆಗೆ ಬಂದು ಬೀಳಬೇಕು. 2023ರಲ್ಲಿ ಮೆಟ್ರೊ ಬಂದದ್ದು ದೊಡ್ಡ ನೆರವು. ಆದರೆ ಸ್ಟೇಷನ್ನಿನಿಂದ ಮನೆಗೆ ನಡೆಯೋದು ಹೇಗೆ? ರಸ್ತೆಗಳ ಅಳತೆ, ಮಾನದಂಡ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ಪ್ರಕಾರ ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಜಾಗ ಬಿಡುವಾಗಿರಬೇಕು. ಟೇಪು ಹಿಡಿದುಕೊಂಡು ಹೋಗಿ ಅಳೆದು ನೋಡಿ. ಟ್ರಾನ್ಸ್‌ಫಾರ್ಮರ್, ಬೈಕು, ಎದ್ದ ಸ್ಲ್ಯಾಬು ಕಳೆದರೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಸಿಗುತ್ತದೆ.

ಬೆಂಗಳೂರು ಕಳೆದುಕೊಂಡ ಇನ್ನೊಂದು ಗುರುತು ಕೆರೆ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಸ್ಟೇಡಿಯಂ ಆಯಿತು. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ಊರಿನ ಒಳಗೇ ಉಳಿದಿದೆ. ಕುವೆಂಪು ಓಡಾಡುತ್ತಿದ್ದ ಏರಿಯ ಮೇಲೆ ಇವತ್ತೂ ಜನ ವಾಕಿಂಗ್ ಮಾಡುತ್ತಾರೆ. ನೀರಿನ ಅಂಚು ಇರುವ ಊರಿಗೆ ಬೇರೆ ಶೃಂಗಾರ ಅಷ್ಟಾಗಿ ಬೇಕಾಗುವುದಿಲ್ಲ.

ದುಡ್ಡಿದ್ದರೆ ಸರಿ ಮಾಡೋಕೆ ಆಗುತ್ತದೆ ಅನ್ನುವುದಕ್ಕೂ ಬೆಂಗಳೂರಲ್ಲೇ ಉದಾಹರಣೆ ಇದೆ. 2018ರಲ್ಲಿ ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿ, ನಡೆಯುವವರಿಗೆ ಜಾಗ ಬಿಟ್ಟು ತೆರೆದರು. ಅದೇ ವರ್ಷ ಹೈಕೋರ್ಟ್ ಗದರಿದ ಮೇಲೆ ಊರಿನ ಫ್ಲೆಕ್ಸುಗಳು ಇಳಿದವು. ಆ ಕೆಲವು ವಾರ ನಾನು ಎಷ್ಟೋ ಕಟ್ಟಡಗಳನ್ನು ಮೊದಲ ಸಲ ನೋಡಿದೆ! ಫ್ಲೆಕ್ಸ್ ಮತ್ತೆ ಹೇಗೆ ಬಂತು ಅನ್ನುವುದು ನಿಮಗೂ ಗೊತ್ತು.

ಈಗ ನಿಮ್ಮ ನಿಜವಾದ ಪ್ರಶ್ನೆ, ಎಲ್ಲಿಗೆ ಹೋಗುವುದು. 2011ರ ಜನಗಣತಿಯಲ್ಲಿ ಬೆಂಗಳೂರಲ್ಲಿ 84 ಲಕ್ಷ ಜನ, ಮೈಸೂರಲ್ಲಿ ಒಂಬತ್ತು ಲಕ್ಷದ ಹತ್ತಿರ, ಸಾಗರದಲ್ಲಿ 54 ಸಾವಿರದ ಆಸುಪಾಸು. ಮೂರೂ ಬೇರೆ ಬೇರೆ ಪ್ರಾಣಿಗಳು.

ಸಾಗರ ನಿಮ್ಮ ತವರು, ನಾನು ವರ್ಣಿಸುವ ಅಗತ್ಯ ಇಲ್ಲ. ಮಾರಿಕಾಂಬೆ ಗುಡಿ, ಗಣಪತಿ ಕೆರೆ, ಪೇಟೆ, ಗುಡಿಗಾರರ ಕೆತ್ತನೆ. ಹತ್ತಿರದಲ್ಲೇ ಹೆಗ್ಗೋಡಿನ ನೀನಾಸಮ್. ಅಷ್ಟು ಜನರ ಊರಿಗೆ ಅಂಥ ರಂಗಭೂಮಿ ಎಷ್ಟು ಕಡೆ ಸಿಗುತ್ತದೆ ಹೇಳಿ? ಮೂರು ವರ್ಷಕ್ಕೊಮ್ಮೆ ಮಾರಿಜಾತ್ರೆ ಬಂದರೆ ಊರೇ ಒಂದು ಬೀದಿಯಾಗುತ್ತದೆ. ಬೆಂಗಳೂರಿಗೆ ರಾತ್ರಿ ರೈಲಿದೆ. ತಿಂಗಳಿಗೆ ಎರಡು ಸಲ ಹೋಗಿ ಬರುವುದು ಕಷ್ಟವೇನಲ್ಲ.

ಆದರೆ ನೀವು ಬಿಟ್ಟು ಬಂದ ಸಾಗರ ಹುಡುಗಿಯ ಸಾಗರ. ಈಗ ಹೋಗುವುದು ಮಗಳೂ ಮಗನೂ ಇರುವ ತಾಯಿಯಾಗಿ. ಮೊದಲು ಆಸ್ಪತ್ರೆ. ಹೆರಿಗೆ, ಜ್ವರ, ಮೂಳೆ ಮುರಿತಕ್ಕೆ ಊರಲ್ಲೇ ಆಗುತ್ತದೆ. ಹೃದಯ, ಮೆದುಳು ಅಂತ ಬಂದರೆ 70 ಕಿಲೋಮೀಟರ್ ಆಚೆಯ ಶಿವಮೊಗ್ಗ, ಇಲ್ಲ ಘಟ್ಟ ಇಳಿದು ಮಣಿಪಾಲ. ಮಳೆಗಾಲದ ರಾತ್ರಿ ಆ ದಾರಿ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಪಕ್ಕದ ಉತ್ತರ ಕನ್ನಡದ ಜನ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ ನೋಡಿ. ಮನೆಯಲ್ಲಿ ವಯಸ್ಸಾದವರು ಇದ್ದರೆ ಈ ಒಂದೇ ವಿಷಯ ಉಳಿದೆಲ್ಲವನ್ನೂ ತಳ್ಳಿಹಾಕಬಹುದು.

ಎರಡನೆಯದು ಯಾರೂ ಬಾಯಿಬಿಟ್ಟು ಹೇಳದ ವಿಷಯ. ಸಣ್ಣ ಊರಿನಲ್ಲಿ ಎಲ್ಲರಿಗೂ ನೀವು ಗೊತ್ತು. ಮಗಳು ಸೈಕಲ್ ಹೊಡೆದುಕೊಂಡು ಹೋದರೆ ಹತ್ತು ಜನ ನೋಡಿಕೊಳ್ಳುತ್ತಾರೆ. ಅದೇ ಹತ್ತು ಜನ ಆರು ವರ್ಷ ಕಳೆದ ಮೇಲೆ ಅವಳು ಯಾರ ಜೊತೆ ಕಾಫಿ ಕುಡಿದಳು ಅಂತಲೂ ನೋಡುತ್ತಾರೆ. ಬಾಡಿಗೆಗೆ ಮನೆ ಕೇಳಲು ಹೋದರೆ 'ನೀವು ಯಾವ ಪೈಕಿ?' ಅಂತ ಕೇಳುವುದು ಎಲ್ಲ ಕಡೆ ಇದೆ, ಬೆಂಗಳೂರಲ್ಲೂ ಇದೆ. ಆದರೆ ದೊಡ್ಡ ಊರಿನಲ್ಲಿ ಪಕ್ಕದ ಬೀದಿಗೆ ಹೋಗಬಹುದು, ಸಣ್ಣ ಊರಿನಲ್ಲಿ ಪಕ್ಕದ ಬೀದಿಯವರಿಗೂ ನಿಮ್ಮ ಉತ್ತರ ಗೊತ್ತಿರುತ್ತದೆ. ಗುರುತಿಲ್ಲದೆ ಓಡಾಡುವ ಸುಖ ನಗರದ್ದೇ. ಹೆಂಗಸರಿಗೆ ಅದರ ಬೆಲೆ ಗಂಡಸರಿಗಿಂತ ಚೆನ್ನಾಗಿ ಗೊತ್ತು. ನಿಮ್ಮ ಯಜಮಾನರ ಜೊತೆ ಇದನ್ನು ಮಾತಾಡಿ.

ಮೂರನೆಯದಾಗಿ ಮಗಳ ಓದು. ಎಸ್ಸೆಸ್ಸೆಲ್ಸಿವರೆಗೆ ಚಿಂತೆ ಇಲ್ಲ. ಅಲ್ಲಿಂದ ಮುಂದೆ ಅವಳು ಹೇಗೂ ಹೊರಗೆ ಹೋಗುತ್ತಾಳೆ, ನೀವೂ ಹಾಗೇ ಹೋದವರಲ್ವಾ?

ನನ್ನ ಸಲಹೆ ಹೀಗೆ. ಊರು ಆರಿಸಬೇಡಿ, ಬೀದಿ ಆರಿಸಿ. ಬೆಂಗಳೂರಿನ ಫ್ಲ್ಯಾಟ್ ಮಾರಬೇಡಿ, ಬಾಡಿಗೆಗೆ ಕೊಡಿ. ಮೊದಲು ಸಾಗರದಲ್ಲಿ ಜುಲೈ ತಿಂಗಳಲ್ಲಿ ಮೂರು ವಾರ ಇದ್ದು ನೋಡಿ. ತವರುಮನೆಯಲ್ಲಿ ಬೇಡ, ಬಾಡಿಗೆ ಮನೆಯಲ್ಲಿ. ಕರೆಂಟು ಎಷ್ಟು ಹೊತ್ತು ಹೋಗುತ್ತದೆ, ಇಂಟರ್‌ನೆಟ್ ನಿಲ್ಲುತ್ತದಾ, ಯಜಮಾನರ ಮೀಟಿಂಗ್ ನಡೆಯುತ್ತದಾ, ಎಲ್ಲ ಗೊತ್ತಾಗುತ್ತದೆ. ಡಿಸೆಂಬರಿನಲ್ಲಿ ಹೋದರೆ ಯಾವ ಮಲೆನಾಡಿನ ಊರೂ ಸುಂದರವೇ. ಹಾಗೇ ಮೈಸೂರಿನಲ್ಲಿ ಮೂರು ವಾರ. ನೋಡಿದ ಬೀದಿಗೆ ಮೂರು ಹೊತ್ತು ಹೋಗಿ: ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ. ಎರಡು ಗಂಟೆಯ ಬಿಸಿಲಿನಲ್ಲಿ ನೆರಳು ಇದೆಯಾ, ಎಂಟು ಗಂಟೆಗೆ ಅಂಗಡಿ ದೀಪ ಉರಿಯುತ್ತದಾ ನೋಡಿ. ಆಮೇಲೆ ಮಗಳ ಕೈಗೆ ದುಡ್ಡು ಕೊಟ್ಟು ಒಬ್ಬಳೇ ಹೋಗಿ ಹಾಲು, ಕೊತ್ತಂಬರಿ ಸೊಪ್ಪು ತರೋಕೆ ಹೇಳಿ. ಅವಳು ಬರುವವರೆಗೆ ನಿಮಗೆ ಗಾಬರಿ ಆಗದಿದ್ದರೆ ಆ ಬೀದಿ ಒಳ್ಳೆಯದು. ಇಷ್ಟು ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ. ವೈಟ್‌ಫೀಲ್ಡಿನಲ್ಲೂ ಇದನ್ನೇ ಮಾಡಿ ನೋಡಿ, ಯಾರಿಗೆ ಗೊತ್ತು.

ನೀವು ಹೇಳಿದ್ದಷ್ಟರ ಮೇಲೆ ಊಹೆ ಮಾಡು ಅಂದರೆ, ಈಗ ಮೈಸೂರಿನ ಹಳೇ ಬಡಾವಣೆಯೊಂದರಲ್ಲಿ ಬಾಡಿಗೆ ಮನೆ, ಮಕ್ಕಳು ದೊಡ್ಡವರಾದ ಮೇಲೆ ಸಾಗರ ಅನ್ನುತ್ತೇನೆ. ಇದು ಇಬ್ಬರಿಗೂ ಪೂರ್ತಿ ಇಷ್ಟವಾಗುವುದಿಲ್ಲ ಅಂತ ಗೊತ್ತು.

ಕೊನೆಗೆ ಸಾಗರದ ಸೈಟು. ಯಾವತ್ತು ಕಟ್ಟಿದರೂ ಇಷ್ಟು ನೆನಪಿಡಿ. ಮಾಡು ಇಳಿಜಾರಾಗಿರಲಿ, ಹೆಂಚೇ ಹಾಕಿ. ಮಲೆನಾಡಿನ ಮಳೆಗೆ ಚಪ್ಪಟೆ ಆರ್‌ಸಿಸಿ ಕಟ್ಟಿ, ಅದು ಸೋರಿ, ಮೇಲೆ ನೀಲಿ ತಗಡು ಹೊದಿಸಿದ ಮನೆಗಳನ್ನು ನೀವೇ ಬೇಕಾದಷ್ಟು ನೋಡಿದ್ದೀರಿ. ಗೋಡೆಗೆ ಹತ್ತಿರದಲ್ಲಿ ಸಿಗುವ ಜಂಬಿಟ್ಟಿಗೆ ಆದರೆ ಸಂತೋಷ. ಕಾಂಪೌಂಡ್ ನಾಲ್ಕು ಅಡಿ ಸಾಕು, ಮೇಲೆ ಬೇಕಿದ್ದರೆ ಕಂಬಿ. ಅಡುಗೆಮನೆಯದೋ ನಡುಮನೆಯದೋ ಒಂದು ಕಿಟಕಿ ಬೀದಿ ಕಡೆ ತೆರೆಯಲಿ. ನೆಲಮಹಡಿಯ ಮುಂಭಾಗ ಪೂರ್ತಿ ಕಾರಿಗೆ ಬಿಡಬೇಡಿ. ಕಾರು ಹತ್ತಿಸುವ ಇಳಿಜಾರು ಸೈಟಿನ ಒಳಗೇ ಮುಗಿಯಲಿ. ಚರಂಡಿ ಮೇಲೆ ಕಾಂಕ್ರೀಟ್ ಸುರಿದು ರ‍್ಯಾಂಪ್ ಮಾಡಿದರೆ ಜುಲೈನಲ್ಲಿ ಪಕ್ಕದ ಮನೆಯವರ ಅಂಗಳಕ್ಕೆ ನೀರು ನುಗ್ಗುತ್ತದೆ. ಬೀದಿ ಅಂಚಿಗೆ ಹೊಂಗೆ ನೆಡಿ. ತೆಂಗು ಬೇಡ, ಕಾಯಿ ಯಾರ ತಲೆ ಮೇಲೆ ಬೀಳುತ್ತದೋ. ಗೇಟಿನ ಪಕ್ಕ ಒಂದೂವರೆ ಅಡಿ ಎತ್ತರದ ಒಂದು ಕಲ್ಲುಜಗಲಿ ಮಾಡಿ, ಬೀದಿಯ ಕಡೆ ಮುಖ ಮಾಡಿ ಕೂರುವ ಹಾಗೆ. ಕಾಂಪೌಂಡನ್ನು ಅಷ್ಟು ಹಿಂದಕ್ಕೆ ಸರಿಸಿ ನಿಮ್ಮ ಸೈಟಿನ ಗಡಿಯೊಳಗೇ ಕಟ್ಟಿಸಿ. ಆಚೆಗೆ ಕಟ್ಟಿದರೆ ನಗರಸಭೆಯವರು ಒತ್ತುವರಿ ಅಂತ ನೋಟಿಸು ಕೊಡುತ್ತಾರೆ, ಅದರಲ್ಲಿ ನಾನೂ ಅವರ ಕಡೆಯೇ.